ಪೇಪರ್ ಚೀಟಿ ನಡೆಸಿದ ಕೆಮಿಸ್ಟ್ರಿ ಮೇಡಂ

ಮೀನು ಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಯಲಹಂಕದ ಹಳೇ ಮಾರುಕಟ್ಟೆಯಲ್ಲಿ ಸೊಪ್ಪು ತೆಗೆದುಕೊಂಡು ಬರುತ್ತಿದ್ದೆ, ಅಷ್ಟೆ. ಪಕ್ಕದಲ್ಲಿ ಮೀನಿನವನೊಬ್ಬ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದ. ಕಿರ್ರೆಂದು ಸದ್ದಾಯಿತು, ಹಿಂದೆಯೇ ವಾಸನೆ ಬಂತು. ಮೀನಿನ ವಾಸನೆಯನ್ನು ಹೇಳುತ್ತಿಲ್ಲ. ಅದರ ಅಡಿಯಲ್ಲಿ ಇನ್ನೊಂದಿರುತ್ತದೆ. ಕರಗಿದ ಐಸು, ನೆನೆದ ಥರ್ಮಾಕೋಲು, ಮೂಲೆಯಲ್ಲಿ ನಿಂತ ತಣ್ಣನೆಯ ನೀರು... ಆ ವಾಸನೆ. ಸೊಪ್ಪಿನ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. "ಬಂಗಡೆನಾ ಸಾರ್, ಕಾಟ್ಲಾನಾ?" ಎಂದು ಅವನು ಕೇಳಿದ. ನನಗೆ ನೆನಪಾಗಿದ್ದು ಮಾತ್ರ ಈರುಳ್ಳಿಯನ್ನೂ ಮುಟ್ಟದ ನಮ್ಮ ಕೆಮಿಸ್ಟ್ರಿ ಮೇಡಂ.

ಯಲಹಂಕದ ಆಚೆಗಿನ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಗಣಿತದ ಅಧ್ಯಾಪಕ. ಅವರು ಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥೆ, ವಯಸ್ಸಿನಲ್ಲೂ ಸರ್ವೀಸಿನಲ್ಲೂ ನನಗಿಂತ ಬಹಳ ಹಿರಿಯರು. ಇಸ್ತ್ರಿ ಮಾಡಿದ ಕಾಟನ್ ಸೀರೆಯ ಕೆಳಗೆ ಓಟಗಾರರ ಬೂಟು ಹಾಕಿಕೊಂಡು ಬರುತ್ತಿದ್ದರು. ಅದೇನು ಮೇಡಂ ಎಂದು ಕೇಳಿದವರಿಗೆ, "ಆಸಿಡ್ ಬಿದ್ರೆ ನಿಮ್ಮ ಚಪ್ಪಲಿ ಬೆರಳು ಉಳಿಸುತ್ತಾ?" ಎಂದು ಮರುಪ್ರಶ್ನೆ ಬರುತ್ತಿತ್ತು. ಮೆದುವಾದ ಹೆಂಗಸಲ್ಲ. ತಡವಾಗಿ ಬಂದವರನ್ನು ಬಿಡುತ್ತಿರಲಿಲ್ಲ, ಪ್ರಿನ್ಸಿಪಾಲರ ನೋಟಿಸಿನ ಇಂಗ್ಲಿಷನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಬೋರ್ಡಿನಲ್ಲೇ ಬಿಡುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವರನ್ನು ಕಂಡರೆ ಎಲ್ಲರಿಗೂ ಸ್ವಲ್ಪ ಭಯವಿತ್ತು. ನನಗೂ ಇತ್ತು.

ಅಂಥದ್ದೇ ಒಂದು ಥರ್ಮಾಕೋಲ್ ಪೆಟ್ಟಿಗೆ ಅವರ ಹತ್ತಿರವೂ ಇತ್ತು. ಕೆರೆ ನೀರು ತುಂಬಿದ ಬಾಟಲಿಗಳನ್ನು ಐಸಿನಲ್ಲಿಟ್ಟು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಾಲೇಜಿಗೆ ತರುತ್ತಿದ್ದರು. ಒಮ್ಮೆ ಪಕ್ಕದ ಸೀಟಿನ ಹೆಂಗಸು ಮೂಗು ಅರಳಿಸಿ, "ಯಾವ ಮೀನಮ್ಮ? ಎಂಗ್ ಕೆಜಿ?" ಎಂದು ಕೇಳಿದಳಂತೆ. "ಜಕ್ಕೂರು ಕೆರೇದು ಕಣಮ್ಮ, ಇನ್ನೂ ರೇಟ್ ಫಿಕ್ಸ್ ಆಗಿಲ್ಲ" ಎಂದರಂತೆ ಇವರು. ಈ ಕತೆಯನ್ನು ಅವರೇ ಹೇಳಿಕೊಂಡು ನಗುತ್ತಿದ್ದರು.

ಆಗ ಕಾಲೇಜುಗಳಲ್ಲಿ ಹೊಸ ಗಾಳಿ ಬೀಸಿತ್ತು. ಪಾಠ ಮಾಡಿದರೆ ಸಾಲದು, ಪೇಪರ್ ಬೇಕು. ಬಡ್ತಿ ಬೇಕೆಂದರೆ ಒಪ್ಪಿತ ಜರ್ನಲ್‌ಗಳಲ್ಲಿ ಸಂಶೋಧನಾ ಲೇಖನ ಬಂದಿರಬೇಕು, ಅದರಲ್ಲೂ ಮೊದಲ ಹೆಸರು ನಮ್ಮದಿರಬೇಕು. ಜೀವಮಾನವೆಲ್ಲ ಚಾಕ್‌ಪೀಸು ಸವೆಸಿದವರಿಗೆ ಇದು ಎಲ್ಲಿಂದ ಬರಬೇಕು? ನಮ್ಮ ಲ್ಯಾಬುಗಳಲ್ಲಿದ್ದದ್ದು ಬ್ಯುರೆಟ್ಟು, ಪಿಪೆಟ್ಟು, ಹಲ್ಲಿ ಮೊಟ್ಟೆ. ಈ ಪರದಾಟದ ವಾಸನೆ ಹಿಡಿದು ದಿನಾ ಇಮೇಲುಗಳು ಬರತೊಡಗಿದವು. ‘ಪರಮ ಗೌರವಾನ್ವಿತ ಪ್ರಾಧ್ಯಾಪಕರೇ’ ಎಂದು ಶುರುವಾಗಿ, ದುಡ್ಡು ಕಳಿಸಿದರೆ ವಾರದೊಳಗೆ ಅಚ್ಚು ಮಾಡಿಕೊಡುತ್ತೇವೆ ಎಂದು ಮುಗಿಯುತ್ತಿದ್ದವು. ಇಂಥ ಜರ್ನಲ್‌ನವರನ್ನು ಮೇಡಂ ಮದುವೆ ಬ್ರೋಕರ್‌ಗಳು ಎಂದು ಕರೆಯುತ್ತಿದ್ದರು. ಇನ್ನು ಕೆಲವರು ಸಿಕ್ಕಸಿಕ್ಕ ಸಮ್ಮೇಳನಕ್ಕೆ ಹೋಗಿ ಬಂದರು. ಪೇಪರ್ ಆಯಿತೋ ಇಲ್ಲವೋ, ಅಲ್ಲಿ ಕೊಟ್ಟ ಗಟ್ಟಿಮುಟ್ಟಾದ ಚೀಲಗಳಂತೂ ಎಲ್ಲರ ಮನೆಯಲ್ಲೂ ತರಕಾರಿ ತರುವುದಕ್ಕೆ ಆದವು.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಮೇಡಂ ನಮ್ಮ ಕಡೆ ತಿರುಗಿದರು. ನಾವೆಂದರೆ ನಾನು, ಅಟ್ಟೂರಿನಿಂದ ಬರುತ್ತಿದ್ದ ಬಾಟನಿ ಸರ್, ಆರ್.ಟಿ. ನಗರದ ಎಕನಾಮಿಕ್ಸ್ ಸಾಹೇಬರು.

"ಒಬ್ಬೊಬ್ರೇ ಕೂತ್ಕೊಂಡು ಅಳೋ ಬದ್ಲು ಚೀಟಿ ಹಾಕೋಣ್ವೇನ್ರೀ?" ಎಂದರು.

"ಏನ್ ಚೀಟಿ ಮೇಡಂ?" ಎಂದರು ಬಾಟನಿ ಸರ್.

"ಪೇಪರ್ ಚೀಟಿ. ನಾಲ್ಕು ಜನ, ನಾಲ್ಕು ಪೇಪರ್. ಎಲ್ಲದಕ್ಕೂ ಎಲ್ರೂ ದುಡೀಬೇಕು. ಒಂದೊಂದು ಸಲ ಒಬ್ಬೊಬ್ರ ಹೆಸ್ರು ಮುಂದೆ. ಆದ್ರೆ ಕೈಗೆ ಕೆಸರು ಹತ್ತಿಸ್ಕೊಳ್ದೆ ಇದ್ದೋರ ಹೆಸ್ರು ಇಲ್ಲ. ಅದು ಈಗ್ಲೇ ಹೇಳಿರ್ತೀನಿ."

ವಿಷಯವನ್ನೂ ಅವರೇ ಹುಡುಕಿಟ್ಟಿದ್ದರು. ಕೆರೆ. ನಮ್ಮ ಸುತ್ತ ಇನ್ನೇನಿದೆ? ಕೆರೆಯಲ್ಲಿ ಕಳೆ ಇದೆ, ಅದು ಬಾಟನಿಯವರಿಗೆ. ಹುಲ್ಲು ಕೊಯ್ಯುವವರು, ಬಟ್ಟೆ ಒಗೆಯುವವರು, ಬಲೆ ಬೀಸುವವರು ಇದ್ದಾರೆ, ಅವರ ಬದುಕು ಎಕನಾಮಿಕ್ಸ್‌ನವರಿಗೆ. ಅಂಕಿಗಳು ನನಗೆ. ನೀರು ಅವರಿಗೆ.

ಮೊದಲ ಸರದಿ ಯಾರಿಗೆಂಬ ಮಾತು ಬಂದಾಗ, "ಮದುವೆ ಇಟ್ಕೊಂಡೋರಿಗೆ ಮೊದ್ಲು ಚೀಟಿ ಕೊಡೋದು ವಾಡಿಕೆ" ಎಂದು, ಬಡ್ತಿಯ ಸಂದರ್ಶನ ಹತ್ತಿರ ಬಂದಿದ್ದ ಬಾಟನಿಯವರಿಗೆ ಕೊಟ್ಟರು. ಆಮೇಲೆ ಸಾಹೇಬರು, ಆಮೇಲೆ ನಾನು. ತಮ್ಮದನ್ನು ಕೊನೆಗಿಟ್ಟುಕೊಂಡರು.

"ನೀವೇ ಹಿರಿಯರು ಮೇಡಂ, ನೀವು ಮೊದ್ಲು ತಗೊಳ್ಳಿ" ಎಂದೆ.

"ಚೀಟಿ ನಡೆಸೋಳು ಮೊದ್ಲೇ ಎತ್ಕೊಂಡ್ರೆ ಊರು ಬಿಟ್ಟು ಓಡಿಹೋಗ್ತಾಳೆ ಅಂತ ಲೆಕ್ಕ. ನಿಮಗೆ ಬೆಂಗಳೂರು ಗೊತ್ತಿಲ್ವಾ ಮ್ಯಾಥ್ಸು?" ಎಂದು ನಕ್ಕರು. ನನ್ನನ್ನು ಹಾಗೆಯೇ ಕರೆಯುತ್ತಿದ್ದರು, ಮ್ಯಾಥ್ಸು.

ಚೀಟಿ ನಡೆಯಿತು. ಭಾನುವಾರ ಬೆಳಿಗ್ಗೆ ನಾವು ಪ್ಯಾಂಟು ಮಡಚಿಕೊಂಡು ಕೆಸರಿಗಿಳಿದೆವು. ಸಾಹೇಬರು ಮನೆಗೆ ಫೋನು ಮಾಡಿ ದಖನಿ ಉರ್ದುವಿನಲ್ಲಿ ಏನೋ ಸಮಜಾಯಿಷಿ ಹೇಳುತ್ತಿದ್ದದ್ದು, ಬಾಟನಿಯವರು ಅಂತರಗಂಗೆ ಕಳೆಯನ್ನು ಬುಡಸಮೇತ ಕಿತ್ತು ಮಗುವಿನಂತೆ ಎತ್ತಿಕೊಂಡು ಬರುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಾಟನಿಯವರ ಪೇಪರ್ ಬಂತು, ಸಾಹೇಬರದ್ದು ಎರಡು ಕಡೆ ತಿರಸ್ಕೃತವಾಗಿ ಮೂರನೆಯ ಕಡೆ ಬಂತು. ನನ್ನದು ತಿದ್ದಿ ಕಳಿಸಿ, ತಿದ್ದಿ ಕಳಿಸಿ, ಬರುವಷ್ಟರಲ್ಲಿ ನನಗೆ ಅದರ ಮೇಲೆ ಬೇಸರವೇ ಬಂದಿತ್ತು. ಒಂದೊಂದಕ್ಕೂ ವರ್ಷ ಹಿಡಿಯಿತು. ಮೂರರಲ್ಲೂ ಮೇಡಂ ಹೆಸರು ಕೊನೆಗಿತ್ತು. ಬೇರೆಯವರು ನಮ್ಮ ಪೇಪರನ್ನು ಉಲ್ಲೇಖಿಸುವಾಗ ಮೊದಲ ಹೆಸರೊಂದನ್ನು ಬರೆದು, ‘ಮತ್ತಿತರರು’ ಎಂದು ಕೈತೊಳೆದುಕೊಳ್ಳುತ್ತಿದ್ದರು. "ಮೂರು ಸಲ ಇತರರು ಆದೆ ಕಣ್ರೀ. ನಾಲ್ಕನೇ ಸಲ ನೀವು ಮೂರೂ ಜನ ಇತರರು" ಎಂದು ಮೇಡಂ ಎಚ್ಚರಿಸಿದರು. ತಮಾಷೆಯಾಗಿ ಹೇಳಿದ್ದು. ಆದರೆ ಅವರ ನಿವೃತ್ತಿ ಹತ್ತಿರ ಬಂದಿತ್ತು, ಪ್ರೊಫೆಸರ್ ಆಗುವುದಕ್ಕೆ ಆ ಒಂದು ಪೇಪರ್ ಮಾತ್ರ ಬಾಕಿಯಿತ್ತು. ಇದು ನಮಗೆ ಮೂವರಿಗೂ ಗೊತ್ತಿತ್ತು.

ಅವರ ಪ್ರಶ್ನೆ ಸರಳವಾಗಿತ್ತು. ಕೆರೆಗಳಿಗೆ ಬಂದು ಸೇರುವ ಕೊಳಕು ಸುತ್ತಲಿನ ಮನೆಗಳ ಬೋರ್‌ವೆಲ್‌ಗೂ ಇಳಿಯುತ್ತಿದೆಯೇ? ಅಮೃತಹಳ್ಳಿಯಲ್ಲಿ ಮನೆಮನೆಗೆ ಹೋಗಿ, ಗೇಟು ತಟ್ಟಿ, ಬಾಟಲಿಗೆ ನೀರು ಕೇಳಿದರು. ಕೊಡುವವರು ಸಹಜವಾಗಿ ಯಾಕೆಂದು ಕೇಳುತ್ತಿದ್ದರು. "ಟೆಸ್ಟ್ ಮಾಡ್ತೀವಿ. ಏನಾದ್ರೂ ಇದ್ರೆ ನಾನೇ ಬಂದು ಹೇಳ್ತೀನಿ" ಎನ್ನುತ್ತಿದ್ದರು. ಹೊಸ ಲೇಔಟುಗಳಲ್ಲಿ ವಾಚ್‌ಮನ್ ದಾಟುವುದೇ ಕಷ್ಟವಾಗಿತ್ತು. ಹಳೇ ಊರಿನ ಭಾಗದಲ್ಲಿ ನೀರಿನ ಜೊತೆ ಮಜ್ಜಿಗೆಯೂ ಸಿಗುತ್ತಿತ್ತು.

ತೊಡಕಿದ್ದದ್ದು ಯಂತ್ರದ್ದು. ನೀರಿನಲ್ಲಿ ಸೀಸದಂಥ ಲೋಹವಿದೆಯೇ ಎಂದು ನೋಡುವ ಯಂತ್ರ ನಮ್ಮ ಕಾಲೇಜಿನಲ್ಲಿರಲಿಲ್ಲ. ಅದು ಇರುವ ದೊಡ್ಡ ಸಂಸ್ಥೆಗಳ ವಿಜ್ಞಾನಿಗಳಿಗೆ ಮೇಡಂ ಇಮೇಲ್ ಬರೆದರು. ಒಬ್ಬರೂ ಉತ್ತರಿಸಲಿಲ್ಲ. ಡಿಗ್ರಿ ಕಾಲೇಜಿನ ವಿಳಾಸ ಕಂಡರೆ ಮುಂದಕ್ಕೆ ಓದುವುದಿಲ್ಲವೇನೋ. ಆಗ ಅವರು ಬೇರೆ ದಾರಿ ಹಿಡಿದರು. ಜಕ್ಕೂರು ಕೆರೆಯ ಏರಿಗೆ ಬೆಳಗಿನ ವಾಕಿಂಗ್‌ಗೆ ಹೋಗತೊಡಗಿದರು.

"ಅಲ್ಲಿ ನೂರಾರು ಜನ ಓಡಾಡ್ತಾರೆ ಮೇಡಂ. ಸೈಂಟಿಸ್ಟ್ ಯಾರು ಅಂತ ಹೇಗೆ ಗೊತ್ತಾಗುತ್ತೆ?" ಎಂದೆ.

"ಕೊಳಚೆ ನೀರು ಬಂದು ಸೇರೋ ಜಾಗ ಇದ್ಯಲ್ಲ, ಅಲ್ಲಿ ಎಲ್ರೂ ಮೂಗು ಮುಚ್ಕೊಂಡು ಬೇಗ ಬೇಗ ದಾಟ್ತಾರೆ. ಅಲ್ಲಿ ನಿಂತು ಬಗ್ಗಿ ನೋಡೋನು ಯಾರೋ ಅವನೇ ನಮ್ಮೋನು."

ನಗಬೇಕೋ ಬೇಡವೋ ತಿಳಿಯಲಿಲ್ಲ. ಆದರೆ ಕೆಲವು ವಾರಗಳಾದ ಮೇಲೆ ನಿಜವಾಗಿ ಒಬ್ಬರು ಸಿಕ್ಕರು. ನೊರೆಯನ್ನು ನೋಡುತ್ತ ನಿಂತಿದ್ದವರು ಸಂಶೋಧನಾ ಸಂಸ್ಥೆಯೊಂದರ ವಿಜ್ಞಾನಿ. ಮೇಡಂ ಪಕ್ಕದಲ್ಲಿ ಹೋಗಿ ನಿಂತು, ಈ ನೊರೆಯಲ್ಲಿ ಏನಿದೆ ಎಂದು ತಾವೇ ಹೇಳಲು ಶುರುಮಾಡಿದರಂತೆ. ಅಲ್ಲೇ ಏರಿಯ ಕಲ್ಲುಬೆಂಚಿನ ಮೇಲೆ ಮಾತು ಮುಗಿಯಿತು. ಸಂಭಾವಿತ ಮನುಷ್ಯ. ಯಂತ್ರ ನಮ್ಮದು, ಕೆಲಸ ನಿಮ್ಮದು, ಮೊದಲ ಹೆಸರೂ ನಿಮ್ಮದೇ ಇರಲಿ ಎಂದರಂತೆ. ಅವರ ಕಡೆಯಿಂದ ಒಂದೇ ಷರತ್ತು. ಪೇಪರ್ ಬರುವವರೆಗೆ ಫಲಿತಾಂಶ ಹೊರಗೆ ಹೋಗಬಾರದು. ಮೇಡಂ ಒಪ್ಪಿಕೊಂಡರು. ಮನೆಮನೆಯಲ್ಲಿ ಬೇರೆ ಮಾತು ಕೊಟ್ಟು ಬಂದದ್ದು ಆ ಖುಷಿಯಲ್ಲಿ ಅವರಿಗೆ ನೆನಪಾಗಲಿಲ್ಲವೆಂದು ಕಾಣುತ್ತದೆ. ಎರಡೂ ಕಡೆ ನಾಲಿಗೆ ಕೊಟ್ಟುಬಿಟ್ಟಿದ್ದರು.

ಮೊದಲ ಕಂತಿನ ಫಲಿತಾಂಶ ಬಂತು. ಬಹುಪಾಲು ಮನೆಗಳದು ಪರವಾಗಿಲ್ಲ. ಅಮೃತಹಳ್ಳಿಯ ಹಳೇ ಭಾಗದ ಕೆಲವು ಮನೆಗಳಲ್ಲಿ ಸೀಸ ಮಿತಿ ಮೀರಿತ್ತು. ಜರ್ನಲ್ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೊಂದಿಲ್ಲ, ಇಂಥದ್ದನ್ನು ಯಾರಾದರೂ ಅಚ್ಚು ಹಾಕುತ್ತಾರೆ. ಬಾಟನಿಯವರು ಸ್ವೀಟು ತರಿಸುತ್ತೇನೆಂದರು. ಮೇಡಂ ಮಾತ್ರ ಆ ಹಾಳೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇದರಲ್ಲಿ ಒಂದು ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ನಾನೇ ನೋಡ್ದೆ" ಎಂದರು.

ವಿಜ್ಞಾನಿಗಳಿಗೆ ಫೋನು ಮಾಡಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇದು ಒಂದೇ ಸಲದ ರೀಡಿಂಗು. ಹಳೇ ಪೈಪಿನದಿರಬಹುದು, ನಲ್ಲಿಯದಿರಬಹುದು. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೋಡದೆ ಜನರನ್ನು ಹೆದರಿಸಬಾರದು. ಮೇಡಂ ಫೋನಿಟ್ಟು ನನ್ನನ್ನು ಕೇಳಿದರು. ನಾನೂ ಅದನ್ನೇ ಹೇಳಿದೆ. ಒಂದು ರೀಡಿಂಗಿನಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ. ಇವತ್ತು ಯಾರಾದರೂ ಕೇಳಿದರೂ ಅದನ್ನೇ ಹೇಳುತ್ತೇನೆ.

"ನಿಮ್ಮ ಲೆಕ್ಕ ಸರಿ ಕಣ್ರೀ" ಎಂದರು. "ಆದ್ರೆ ಆ ಮನೇಲಿ ಇವತ್ತೂ ಅದೇ ನೀರಲ್ಲಿ ಅನ್ನಕ್ಕಿಡ್ತಾರೆ. ಏನಾದ್ರೂ ಇದ್ರೆ ಬಂದು ಹೇಳ್ತೀನಿ ಅಂದಿದ್ದೆ. ಈಗ ಏನೋ ಇದೆ."

"ಹೇಳಿದ್ರೆ ಪೇಪರ್ ಹೋಗುತ್ತೆ ಮೇಡಂ."

"ಗೊತ್ತು."

ಶನಿವಾರ ಕಾಲೇಜು ಬಿಟ್ಟ ಮೇಲೆ ಹೋದರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ಮೊದಲು ಆ ಬಾಣಂತಿಯ ಮನೆಗೇ ಹೋದೆವು. ಮೇಡಂ ಬಹಳ ಮೆಲ್ಲಗೆ, ಅವರಿಗೆ ಅಭ್ಯಾಸವೇ ಇಲ್ಲದ ಮೆದುವಾದ ಧ್ವನಿಯಲ್ಲಿ, ಇನ್ನೂ ಖಚಿತವಿಲ್ಲ, ಆದರೂ ಕುಡಿಯೋಕೆ, ಅಡುಗೆಗೆ ಸದ್ಯಕ್ಕೆ ಬೇರೆ ನೀರು ಬಳಸಿ ಎಂದು ಹೇಳಿದರು. ಮನೆಯ ಯಜಮಾನಿ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಮೊದಲು ಕಂಡದ್ದು ಹೆದರಿಕೆ. ಅಷ್ಟರಲ್ಲಿ ಅಕ್ಕಪಕ್ಕದವರು ಬಂದು ಸೇರಿದರು, ಹೆದರಿಕೆ ಸಿಟ್ಟಾಯಿತು. ಅವಳ ಮನೆಯ ಮಹಡಿಯಲ್ಲಿ ಬಾಡಿಗೆಯವರಿದ್ದರು.

"ನೀರ್ ಕೊಟ್ಟಿದ್ದೇ ತೆಪ್ಪಾಯ್ತಾ ನಮ್ದು? ಇಂಗೆಲ್ಲಾ ಏಳ್ಕೊಂಡ್ ಓಡಾಡಿದ್ರೆ ನಾಳೆ ಬಾಡ್ಗೆಗೆ ಯಾವನ್ ಬತ್ತಾನೆ? ಯಾವ ಕ್ಯಾನ್ ನೀರ್‌ನೋನು ಕಳ್ಸಿದ್ದು ನಿಮ್ಮುನ್ನ?" ಎಂದು ಬಾಯಿಗೆ ಬಂದಂತೆ ಬೈದಳು. ಪ್ರಿನ್ಸಿಪಾಲರನ್ನೇ ತಿದ್ದುತ್ತಿದ್ದ ಮೇಡಂ ಗೇಟಿನ ಮುಂದೆ ತಲೆ ತಗ್ಗಿಸಿ ನಿಂತಿದ್ದು ಕಂಡು ನನಗೆ ಕೆಟ್ಟದೆನಿಸಿತು. ಆದರೂ ಅಲ್ಲಿಂದ ಮುಂದಿನ ಮನೆಗೆ ಹೋದರು. ಉಳಿದ ಮನೆಗಳಿಗೂ ಹೋದರು.

ಆಮೇಲೆ ನಡೆದದ್ದೆಲ್ಲ ನಿರೀಕ್ಷಿಸಿದ್ದೇ. ಒಂದಷ್ಟು ಜನ ಕಾಲೇಜಿಗೆ ಬಂದು ಪ್ರಿನ್ಸಿಪಾಲರ ಮುಂದೆ ಗಲಾಟೆ ಮಾಡಿದರು. ಮುಂದಿನ ಕಂತಿನ ನೀರಿಗೆ ಹೋದಾಗ ಗೇಟುಗಳು ತೆರೆಯಲಿಲ್ಲ, ಮಜ್ಜಿಗೆ ಕೊಟ್ಟ ಮನೆಯದೂ ತೆರೆಯಲಿಲ್ಲ. ಎರಡನೆಯ ರೀಡಿಂಗಿಲ್ಲದೆ ಪೇಪರ್ ಇಲ್ಲ. ವಿಜ್ಞಾನಿಗಳು ಬೇಸರದಿಂದ, ಮರ್ಯಾದೆಯಿಂದ, ಇನ್ನು ಮುಂದುವರಿಸಲಾಗದು ಎಂದು ಬರೆದರು. ಆ ಸೀಸ ಕೆರೆಯಿಂದ ಬಂದದ್ದೋ, ಪೈಪಿನದೋ, ನಿಜವಾಗಿ ಇತ್ತೋ ಇಲ್ಲವೋ... ನನಗೆ ಇವತ್ತಿಗೂ ಗೊತ್ತಿಲ್ಲ.

ಬಾಟನಿಯವರು, ಯಾವುದಾದರೂ ಬ್ರೋಕರ್ ಜರ್ನಲ್‌ಗಾದರೂ ಹಾಕಿಬಿಡೋಣ, ಪೇಪರ್ ಪೇಪರೇ ಎಂದರು. "ಅರ್ಧ ಬೆಂದ ಅನ್ನ ಯಾರಿಗ್ರೀ ಬಡಿಸ್ಲಿ?" ಎಂದರು ಮೇಡಂ. ಮತ್ತೊಂದು ವಿಷಯ ಹಿಡಿಯುವುದಕ್ಕೆ ಸರ್ವೀಸು ಉಳಿದಿರಲಿಲ್ಲ. ಹಾಗೆ ನಮ್ಮ ಚೀಟಿ ಮುಗಿಯಿತು. ಮೂವರು ಎತ್ತಿಕೊಂಡೆವು. ನಡೆಸಿದವರಿಗೆ ಬರಲಿಲ್ಲ.

ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅವರ ಸಾಧನೆಗಳನ್ನು ಓದಿದರು. ‘ಸಹಲೇಖಕಿ’ ಎಂಬ ಮಾತು ಮೂರು ಸಲ ಬಂತು. ಮೇಡಂ ನಗುನಗುತ್ತಲೇ ಕೂತಿದ್ದರು. ಸಭೆ ಮುಗಿದ ಮೇಲೆ ಹಣ್ಣಿನ ಬುಟ್ಟಿ ಹಿಡಿದು ಆಟೋವರೆಗೆ ನಾನು ಹೋದೆ. ಹತ್ತಿ ಕೂತವರು, "ನಂಗೂ ಆಸೆ ಇತ್ತು ಕಣ್ರೀ ಮ್ಯಾಥ್ಸು. ಇರ್ಲಿಲ್ಲ ಅಂತ ಅಂದ್ಕೋಬೇಡಿ" ಎಂದರು. ಬುಟ್ಟಿಯನ್ನು ಅವರ ಪಕ್ಕದಲ್ಲಿಟ್ಟೆ.

ನಂತರ ಹಬ್ಬಕ್ಕೊಮ್ಮೆ ಫೋನು, ಆಮೇಲೆ ಅದೂ ಕಡಿಮೆಯಾಯಿತು... ಹೋದ ವರ್ಷ ಸ್ಟಾಫ್ ರೂಮಿನ ವಾಟ್ಸ್ಯಾಪ್ ಗುಂಪಿನಲ್ಲಿ ಅವರ ಸಾವಿನ ಸುದ್ದಿ ಬಂತು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು, ನಾನೂ ಒಂದು ಹಾಕಿದೆ. ನಿಜ ಹೇಳಬೇಕೆಂದರೆ ಆವತ್ತು ಅಷ್ಟೇನೂ ದುಃಖವಾಗಲಿಲ್ಲ. ಮರುದಿನ ಪರೀಕ್ಷೆಯ ಡ್ಯೂಟಿ ಇತ್ತು.

ಈಗ ಅವರ ಜಾಗಕ್ಕೆ ಬಂದಿರುವ ಹುಡುಗಿ ಚುರುಕು. ಅವಳಿಗೂ ಪೇಪರ್ ಬೇಕು, ಜೊತೆಗಾರರು ಬೇಕು. ಹಿರಿಯ ಎಂಬ ಕಾರಣಕ್ಕೆ ನನ್ನ ಹತ್ತಿರ ಬಂದಳು. ಅವಳು ಆರಿಸಿಕೊಂಡಿರುವುದೂ ನೀರೇ, ಕಾಲೇಜಿನ ಸುತ್ತ ಬೇರೆ ಏನೂ ಇಲ್ಲದ್ದರಿಂದ. ಕಳೆದ ಭಾನುವಾರ ಇಬ್ಬರೂ ಅಮೃತಹಳ್ಳಿಗೆ ಹೋದೆವು. ಹಳೇ ಭಾಗವನ್ನು ಗುರುತು ಹಿಡಿಯುವುದೇ ಕಷ್ಟ, ಅಷ್ಟು ಕಟ್ಟಡಗಳೆದ್ದಿವೆ. ಒಂದು ಗೇಟಿನ ಮುಂದೆ ನಿಂತು ಅವಳು ನೀರು ಕೇಳಿದಳು. ಹೊರಗೆ ಬಂದ ಹೆಂಗಸನ್ನು ನೋಡಿದೊಡನೆ ನನಗೆ ಗುರುತು ಸಿಕ್ಕಿತು, ಅವತ್ತು ಬೈದ ಯಜಮಾನಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳಿಗೆ ನನ್ನ ಗುರುತಾಗಲಿಲ್ಲ.

"ಕೊಡ್ತೀನಿ. ಪಸ್ಟು ನಮ್ಗೆ ಏಳ್ತೀರಾ, ಏನೈತೆ ಅಂತ?" ಎಂದಳು.

ಹುಡುಗಿ ನನ್ನ ಮುಖ ನೋಡಿದಳು.

"ಇಂದೆ ಒಬ್ರು ಮೇಡಮ್ಮೋರು ಬತ್ತಿದ್ರು, ಸೀರೆ ಮ್ಯಾಲೆ ಬೂಟ್ ಆಕ್ಕೊಂಡು. ಅವ್ರು ಬಂದ್ ಏಳುದ್ರು. ಅವ್ರಂಗೆ ಬಂದ್ ಏಳಲ್ಲ ಅನ್ನೋರ್ಗೆ ನೀರ್ ಕೊಡಾಕಿಲ್ಲ ನಾನು. ಎಲ್ಲವ್ರೆ ಈಗ ಅವ್ರು?"

"ತೀರ್ಕೊಂಡ್ರಮ್ಮ. ಹೋದ ವರ್ಷ" ಎಂದೆ.

"ಅಯ್ಯೋ ಸಿವ್ನೆ..." ಎಂದು ಗೇಟಿನ ಕಂಬಿ ಹಿಡಿದುಕೊಂಡಳು. "ಅವತ್ತು ಏನೇನೋ ಅಂದ್ಬುಟ್ಟೆ ಕಣಪ್ಪ. ಅವ್ರು ಓದ ಮ್ಯಾಕೆ ಮಗೀಗೆ ಬ್ಯಾರೆ ನೀರೇ ತರ್ಸಿದ್ದು ನಾನು. ಬೈದೆ, ಆದ್ರೂ ತರ್ಸ್ದೆ. ಇನ್ನೊಂದ್ ಸಲ ಬಂದ್ರೆ ಏಳಾನ ಅಂತಿದ್ದೆ, ಬರ್ಲೇ ಇಲ್ಲ. ಎಸ್ರೇನು ಅವ್ರುದು?"

ಮೇಡಂ ಇಲ್ಲ ಎನ್ನುವುದು ನನಗೆ ನಿಜವಾಗಿ ತಿಳಿದದ್ದು ಆಗಲೇ. ಅವರು ಪೇಪರುಗಳಲ್ಲಿ ಬರೆಯುತ್ತಿದ್ದಂತೆ, ತಂದೆಯ ಇನಿಷಿಯಲ್ ಸಮೇತ, ಪೂರ್ತಿ ಹೆಸರು ಹೇಳಿದೆ. ಆ ಹೆಂಗಸು ಅದನ್ನು ತಾನೂ ಒಂದು ಸಲ ನಿಧಾನವಾಗಿ ಹೇಳಿಕೊಂಡಳು. ಆಮೇಲೆ ಬಾಟಲಿ ಇಸಿದುಕೊಂಡು ಮೋಟಾರ್ ಹಾಕಲು ಒಳಗೆ ಹೋದಳು.